ತುಳಿದವರ ಪಾಲು

ಬೆಣ್ಣೆ ಇನ್ನೂ ತೇಲಿರಲಿಲ್ಲ. ಕಡಗೋಲಿನ ಹಗ್ಗ ಎಳೆಯುತ್ತ, ಗಡಿಗೆಯೊಳಗಿನ ಸದ್ದು ದಪ್ಪವಾಗುವುದನ್ನು ಕಾಯುತ್ತಿದ್ದೆ. ಅಷ್ಟರಲ್ಲಿ ಮಾವ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಅಲ್ಲಿಯವರೆಗೆ ಬರುವವರಲ್ಲ ಅವರು. ಪಡಸಾಲೆಯಲ್ಲಿ ಕೂತು ಕೆಮ್ಮಿದರೆ ಸಾಕು, ನಾವೇ ಹೋಗಬೇಕು.

"ಚನ್ನವ್ವಾ, ಅದನ್ನ ಅಲ್ಲೇ ಬಿಡು. ಚಂದಪ್ಪಗ ಹೇಳಿ ಹಗೇವು ತಗಸು. ಆಸವದ್ದು ಒಂದು ಗಡಿಗಿ ಮ್ಯಾಲ ಬರಲಿ."

ಹಗ್ಗ ಕೈಯಲ್ಲೇ ನಿಂತಿತು.

"ಈ ವರ್ಷದ್ದು ಏನ್ರಿ?"

"ಮತ್ತ ಯಾವ ವರ್ಷದ್ದು ಉಳಿದೈತಿ? ಹ್ವಾದ ವರ್ಷದ್ದು ದೀಪಾವಳಿಗೇ ತೀರಿತು. ಮಧ್ಯಾಹ್ನದ ಬಸ್ಸಿಗೆ ಗುರಪ್ಪ ಮಾಸ್ತರ ಆ ಫ್ರಾನ್ಸಿನ ಸಾಹೇಬನ್ನ ಕರಕೊಂಡು ಬರ್ತಾನ. ಐದುನೂರು ವರ್ಷದಿಂದ ದ್ರಾಕ್ಷಿ ರಸ ಮಾಡೋ ತ್ವಾಟ ಅಂತ ಅವರದು. ಅಂಥಾವ ನಮ್ಮ ಗಡಿಗಿ ರುಚಿ ನೋಡಿ ಹೌದು ಅಂದ್ರ ಮುಗೀತು. ನಾಳೆಯಿಂದ ಬಾಣಂತ್ಯಾರ ಮನಿಗೆ ಕಳಿಸಾಕ ಸುರು ಮಾಡೋಣು. ಇಂಡಿಯವರು, ಹೂವಿನ ಹಿಪ್ಪರಗಿಯವರು ಆಗಲೇ ಕೇಳಿ ಕಳಿಸ್ಯಾರ."

ನನ್ನ ಮಗಳು ಶಂಕ್ರೆವ್ವ ಬೆಣ್ಣೆಗಾಗಿ ಅಂಗೈ ಚಾಚಿಕೊಂಡು ಎದುರಿಗೆ ಕೂತಿದ್ದಳು. ಅಜ್ಜನ ಮಾತು ಕೇಳಿ ಅಂಗೈ ಮಡಚಿಕೊಂಡಳು.

ಅದು ಎಪ್ಪತ್ತಾರನೆಯ ಇಸವಿ, ಯುಗಾದಿ ಮುಗಿದ ಮೇಲಿನ ದಿನಗಳು. ದೇವರ ಹಿಪ್ಪರಗಿಯಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಸುತ್ತೆಲ್ಲ ಜೋಳ, ತೊಗರಿ. ನಡುವೆ ಒಂದು ದೊಡ್ಡ ಬಾವಿ, ಅದರ ನೀರಿಗೆ ಹಸಿರಾಗಿ ನಿಂತ ದ್ರಾಕ್ಷಿ ತೋಟ. ಮಾವ ಬಸಂತರಾಯರ ಅಜ್ಜ ನಿಜಾಮನ ಸೀಮೆಯಿಂದ ಬಳ್ಳಿಯ ಕಡ್ಡಿಗಳನ್ನು ಒದ್ದೆ ಅರಿವೆಯಲ್ಲಿ ಸುತ್ತಿ, ಚಕ್ಕಡಿಯಲ್ಲಿ ತಂದು ನೆಟ್ಟರಂತೆ. ದಾರಿಯಲ್ಲಿ ಎತ್ತುಗಳಿಗೆ ಕುಡಿಸುವ ಮೊದಲು ಕಡ್ಡಿಗಳಿಗೆ ನೀರು ಚಿಮುಕಿಸುತ್ತಿದ್ದರಂತೆ. ಯಾರೋ ವೈದ್ಯರು ಅವರಿಗೆ ದ್ರಾಕ್ಷಾಸವ ಮಾಡುವುದನ್ನು ಕಲಿಸಿದರು. ಹಣ್ಣನ್ನು ಕಲ್ಲುದೋಣಿಯಲ್ಲಿ ಹಾಕಿ ಬರಿಗಾಲಿನಲ್ಲಿ ತುಳಿಯಬೇಕು. ರಸಕ್ಕೆ ಬೆಲ್ಲ, ಧಾತಕಿ ಹೂವು ಸೇರಿಸಿ, ಗಡಿಗೆಯ ಬಾಯಿಗೆ ಮಣ್ಣು ಮೆತ್ತಿ, ನೆಲದೊಳಗೆ ಜೋಳ ತುಂಬಿಡುವ ಹಗೇವಿನಲ್ಲಿ ಹೊಟ್ಟಿನ ನಡುವೆ ಹುಗಿಯಬೇಕು. ಅಲ್ಲಿ ಅದು ತಾನೇ ಉಕ್ಕಿ, ತಾನೇ ತಣ್ಣಗಾಗಿ, ತಾನೇ ತಿಳಿಯಾಗುತ್ತದೆ.

ನಮ್ಮದು ಸೆರೆ, ಹೆಂಡದ ಹೆಸರು ಎತ್ತಿದರೆ ಬಾಯಿ ಮುಕ್ಕಳಿಸುವ ಮನೆ. ಗಡಿಗೆಯೊಳಗಿನದು ಸೆರೆಯಲ್ಲ, ಆಸವ. ಔಷಧ. ಬಾಣಂತಿಯರಿಗೆ, ರಕ್ತ ಇಲ್ಲದವರಿಗೆ, ಜ್ವರದಿಂದ ಎದ್ದವರಿಗೆ ಒಂದೊಂದು ಒಳಲೆ. ಬಸವನ ಬಾಗೇವಾಡಿಯ ಕಡೆಯಿಂದಲೂ ಜನ ಕೇಳಿಕೊಂಡು ಬರುತ್ತಿದ್ದರು. "ಬಸಂತರಾಯರ ಗಡಿಗಿ" ಎಂದರೆ ಸಾಕು, ಮುಂದೆ ಏನೂ ಹೇಳಬೇಕಿರಲಿಲ್ಲ.

ಈ ಮನೆಯಲ್ಲಿ ಒಂದು ಮಾತಿದೆ. ಹಣ್ಣಾದ ದ್ರಾಕ್ಷಿಯ ಮೇಲೆ ತೆಳುವಾಗಿ ಬಿಳಿ ಕೂರುತ್ತದಲ್ಲ, ಬೆರಳು ತಾಗಿದರೆ ಅಳಿಸುವಂಥದ್ದು, ಅದಕ್ಕೆ ಇವರು ವಿಭೂತಿ ಎನ್ನುತ್ತಾರೆ. ಹಣ್ಣು ತಾನೇ ಹಚ್ಚಿಕೊಂಡ ವಿಭೂತಿ. ಅದು ಇದ್ದರೇ ರಸ ಉಕ್ಕುವುದು. ಹಾಗಾಗಿ ಆಸವದ ಹಣ್ಣನ್ನು ತೊಳೆಯುವಂತಿಲ್ಲ. ನಾನು ಮದುವೆಯಾಗಿ ಬಂದ ವರ್ಷ ತಿಳಿಯದೆ ಒಂದು ಬುಟ್ಟಿ ಹಣ್ಣನ್ನು ಬಾವಿಯ ನೀರಿನಲ್ಲಿ ಅದ್ದಿ ತೆಗೆದಿದ್ದೆ. "ದೇವರ ಹಣಿ ಒರಿಸಿದಂಗ ಮಾಡಿದೆಲ್ಲವಾ" ಎಂದು ಮಾವ ಆ ಬುಟ್ಟಿಯನ್ನು ದನಗಳಿಗೆ ಸುರಿಸಿದ್ದರು.

ಈ ವರ್ಷ ಹುಳ ಬಿತ್ತು. ಮಾವ ಬೇವಿನ ಬೀಜ ಕುಟ್ಟಿ ಚಿಮುಕಿಸಿದರು, ಹೊಗೆ ಹಾಕಿಸಿದರು. ಹುಳ ಹೋಗಲಿಲ್ಲ. ಅದೇ ಹೊತ್ತಿಗೆ ಮುದ್ದೇಬಿಹಾಳದಲ್ಲಿ ಬೀಗರ ಮನೆಯ ಮದುವೆ. ಮಾವ ಹೋದರು. ಅವರು ಬರುವುದರೊಳಗೆ ನನ್ನ ಗಂಡ ರಾಚಪ್ಪ ಸೊಲ್ಲಾಪುರದಿಂದ ಒಂದು ಚೀಲ ಬಿಳಿ ಪುಡಿ ತಂದ. ಹುಳದ ಪುಡಿ. ತೆಳು ಅರಿವೆಯಲ್ಲಿ ಕಟ್ಟಿಕೊಂಡು, ಮುಂಜಾನೆಯ ಇಬ್ಬನಿ ಆರುವ ಮೊದಲು ಗೊಂಚಲು ಗೊಂಚಲಿಗೂ ಬಡಿದ. ತೋಟಕ್ಕೆ ಆಗ ಯಾರನ್ನೂ, ಕಾಯುವ ಚಂದಪ್ಪನನ್ನೂ, ಬಿಟ್ಟಿರಲಿಲ್ಲ. ನನಗೂ ಗೊತ್ತಾಗಲಿಲ್ಲ.

ಮುದ್ದೇಬಿಹಾಳದಿಂದ ಬಂದ ಮಾವ ನೇರ ತೋಟಕ್ಕೆ ಹೋದರು. ಹುಳ ಮಾಯವಾಗಿತ್ತು, ಹಣ್ಣೆಲ್ಲ ಬೆಳ್ಳಗಾಗಿತ್ತು. "ನೋಡೋ ರಾಚ್ಯಾ, ಈ ವರ್ಷ ವಿಭೂತಿ ಎಷ್ಟು ದಪ್ಪ ಬಿದ್ದೈತಿ! ಶಿವ ಕಣ್ಣು ಬಿಟ್ಟ" ಎಂದು ಒಂದು ಹಣ್ಣಿನ ಬಿಳಿಯನ್ನು ಬೆರಳಿನಿಂದ ಒರೆಸಿ ಹಣೆಗೆ ಹಚ್ಚಿಕೊಂಡರಂತೆ. ಪಕ್ಕದಲ್ಲೇ ನಿಂತಿದ್ದ ನನ್ನ ಗಂಡ ಬಾಯಿ ಬಿಡಲಿಲ್ಲ. ಅಪ್ಪನ ಸಂತೋಷ ಕೆಡಿಸುವುದು ಹೇಗೆ ಅನ್ನಿಸಿತು ಎಂದು ಆಮೇಲೆ ನನಗೆ ಹೇಳಿದ. ಸಂತೋಷವೋ ಸಿಟ್ಟೋ, ಅಪ್ಪನ ಎದುರು ಅವನ ಬಾಯಿ ಎಂದೂ ತೆರೆದದ್ದಿಲ್ಲ.

ಹಣ್ಣು ತುಳಿಯುವವಳು ಸಾತವ್ವ. ತೋಟ ಕಾಯುವ ಚಂದಪ್ಪನ ಹೆಂಡತಿ. ಅವಳ ಅತ್ತೆಯ ಕಾಲದಿಂದ ಆ ಕೆಲಸ ಅವರ ಮನೆಯದು. ದೋಣಿಯಿಂದ ಇಳಿದು ಬರುವ ಮೊದಲ ಬಟ್ಟಲು ರಸ ಅವಳಿಗೇ. ತುಳಿದವರ ಪಾಲು ಎನ್ನುತ್ತಾರೆ ಅದಕ್ಕೆ. ಸಾವುಕಾರರೂ ಅದನ್ನು ಮುಟ್ಟುವಂತಿಲ್ಲ. ಪ್ರತಿ ವರ್ಷ ಸಾತವ್ವ ತನ್ನ ಬಟ್ಟಲಿನಿಂದ ಒಂದು ಗುಟುಕನ್ನು ನನ್ನ ಶಂಕ್ರಿಗೆ ಕುಡಿಸಿಯೇ ತಾನು ಕುಡಿಯುತ್ತಿದ್ದಳು. ಹುಟ್ಟಿದಾಗಿನಿಂದ ಎತ್ತಿ ಆಡಿಸಿದವಳು. ಈ ವರ್ಷ ಆ ದಿನ ಶಂಕ್ರಿಗೆ ಜ್ವರ. ಅಳುತ್ತಿದ್ದವಳನ್ನು ನಾನು ಕೌದಿ ಹೊದಿಸಿ ಮಲಗಿಸಿಕೊಂಡಿದ್ದೆ. ಆ ಜ್ವರಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ಕೈಮುಗಿದ ಮೇಲೆ ಸಾತವ್ವನ ಮುಖ ಕಾಣುತ್ತದೆ.

ಒಡೆದ ಹಿಮ್ಮಡಿಯ ಬರಿಗಾಲಿನಲ್ಲಿ ಬೆಳಗಿನಿಂದ ತುಳಿದಳು. ತನ್ನ ಪಾಲು ಕುಡಿದಳು, ಉಳಿದ ರಸ ಗಡಿಗೆಗಳಿಗೆ ಹೋಯಿತು. ಊಟದ ಹೊತ್ತಿಗೆ ವಾಂತಿ, ಬಾಯಲ್ಲಿ ನೊರೆ, ಕೈಕಾಲು ನಡುಕ. ಕಣ್ಣಿನ ಕರಿಗುಡ್ಡೆ ಸಾಸಿವೆ ಕಾಳಿನಷ್ಟಾಗಿತ್ತು. ಚಕ್ಕಡಿ ಕಟ್ಟಿ ಸಿಂದಗಿ ದವಾಖಾನೆಗೆ ಒಯ್ಯುವಾಗ ದಾರಿಯಲ್ಲೇ ಹೋದಳು.

ಮರುದಿನ ನನ್ನ ಗಂಡ ಅಪ್ಪನಿಗೆ ಪುಡಿಯ ವಿಷಯ ಹೇಳಿದ. ಬಾಗಿಲ ಹಿಂದೆ ನಿಂತಿದ್ದ ನಾನು ಆಗಲೇ ಅದನ್ನು ಮೊದಲ ಸಲ ಕೇಳಿದ್ದು. ಮಾವ ಪಂಚೆಯ ಸೆರಗಿನಿಂದ ಹಣೆ ಒರೆಸಿಕೊಂಡು ಹೊರಗೆ ಬಂದರು. ಕಟ್ಟೆಯ ಮೇಲೆ ಕೂತ ಜನರಿಗೆ ಹೇಳಿದರು: "ಏನ ಮಾಡೂದು. ಆಕಿ ಕದ್ದು ಹಳೇ ಗಡಿಗಿ ಬಾಯಿ ತಗದಿದ್ಲು. ಸೆರಿ ಕುಡದಂಗ ಕುಡದ್ಲು, ಹ್ವಾದ್ಲು."

ಹಳೇ ಗಡಿಗೆ ಒಂದೂ ಇರಲಿಲ್ಲ. ದೀಪಾವಳಿಗೇ ತೀರಿದ್ದವು. ಅದು ಅಲ್ಲಿದ್ದವರಿಗೂ ಗೊತ್ತಿತ್ತು. ಆದರೂ ಎಲ್ಲರೂ ತಲೆ ಆಡಿಸಿದರು. ನಮ್ಮ ಮನೆಯವರು ಕುಡಿದರೆ ಆಸವ, ಸಾತವ್ವ ಕುಡಿದರೆ ಸೆರೆ. ಒಂದೇ ದಿನದಲ್ಲಿ ಗಡಿಗೆಯ ಹೆಸರು ಬದಲಾಯಿತು, ಅವಳದೂ ಬದಲಾಯಿತು. ಚಂದಪ್ಪನ ಮಗಳಿಗೆ ಮುದ್ದೇಬಿಹಾಳದಲ್ಲಿ ಗೊತ್ತಾಗಿದ್ದ ಗಂಡಿನವರು ಹೇಳಿ ಕಳಿಸಿದರು, ಕುಡುಕಿಯ ಮಗಳು ನಮಗೆ ಬೇಡ ಎಂದು.

ಶಂಕ್ರಿ ಜ್ವರದಿಂದ ಎದ್ದ ಮೇಲೆ ನನ್ನ ಬೆನ್ನಿಗೆ ಬಿದ್ದಳು. ನೇರವಾಗಿ ಏನೂ ಕೇಳಲಿಲ್ಲ. ತಲೆ ಬಾಚುವಾಗ, "ಅವ್ವಾ, ತ್ವಾಟದಾಗ ಇರಿವಿ ಯಾಕ ಸತ್ತು ಬಿದ್ದಾವು?" ರೊಟ್ಟಿ ಬಡಿಯುವಾಗ, "ಅವ್ವಾ, ಅಪ್ಪ ದ್ರಾಕ್ಷಿಗೆ ಬಡಿದಿದ್ದ ವಿಭೂತಿ ಗುಡಿಯಾಗಿಂದು ಏನು?" ಮುಳ್ಳುಬೇಲಿಯ ಸಂದಿಯಿಂದ ಅಪ್ಪನನ್ನು ಅವಳು ನೋಡಿದ್ದಳು. "ಅಜ್ಜನ ಮುಂದ ಕೇಳಬ್ಯಾಡ ಕೂಸ, ಸುಮ್ನಿರು" ಎಂದು ನಾನು ಅವಳ ಹೆಗಲ ಮೇಲೆ ಕೈ ಇಡುತ್ತಿದ್ದೆ. ಕೈ ಇಟ್ಟೊಡನೆ ಸುಮ್ಮನಾಗುವುದನ್ನು ಕಲಿತಳು. ಎಂಥ ಮಾತನ್ನು ಕೇಳಬಾರದು ಎಂದು ಮಗುವಿಗೆ ಕಲಿಸುವುದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ.

ಈಗ ಬಾಗಿಲಲ್ಲಿ ನಿಂತ ಮಾವನಿಗೆ ನಾನು ಎದ್ದು ನಿಂತು ಹೇಳಿದೆ:

"ಮಾವಾರ, ಆ ಗಡಿಗಿ ತಗಸೂದು ಬ್ಯಾಡ್ರಿ. ಒಡೆಸಿಬಿಡ್ರಿ."

"ಏನಂದಿ?"

"ಆ ಹಣ್ಣಿಂದ ರೀ ಅದು. ಹಸಿ ಬಾಣಂತ್ಯಾರು ಕುಡಿತಾರ. ಅವರ ಹಾಲು ಕೂಸು ಕುಡಿತೈತಿ."

"ಭೂಮ್ಯಾಗ ಹುಗದದ್ದು ಎಲ್ಲಾ ಶುದ್ಧ ಆಗತೈತಿ. ನಮ್ಮ ಅಜ್ಜ ಹೇಳಿದ ಮಾತು." ಅವರ ದನಿ ಏರಲಿಲ್ಲ. "ಈ ವರ್ಷ ಗಡಿಗಿ ಹೊರಗ ಬರಲಿಲ್ಲ ಅಂದ್ರ ಮಂದಿ ಏನು ತಿಳಕೋತಾರ? ಯಾಕ ಬರಲಿಲ್ಲ ಅಂತಾರ. ಮೂರು ತಲೆಮಾರಿನ ಹೆಸರು. ನಿನ್ನ ಮಗಳನ್ನೂ ಒಂದಿನ ಯಾರಿಗೋ ಕೊಡಬೇಕು, ನೆನಪಿಡು."

"ಹಂಗಾರ ಮೊದಲ ನೀವು ಒಂದು ಗುಟುಕು ಕುಡೀರಿ."

ಅವರು ನನ್ನನ್ನು ನೋಡಿದರು. ಆಮೇಲೆ ಏನೂ ಕೇಳಿಸದವರಂತೆ, "ಚಂದಪ್ಪಾ!" ಎಂದು ಕೂಗುತ್ತ ಅಂಗಳಕ್ಕೆ ಇಳಿದರು.

ಹಗೇವಿನ ಬಾಯಿ ತೆಗೆದದ್ದು ಚಂದಪ್ಪ. ಒಳಗಿಳಿದು, ಹೊಟ್ಟು ಸರಿಸಿ, ಗಡಿಗೆಯನ್ನು ಎದೆಗೆ ಅವಚಿಕೊಂಡು ಮೇಲೆ ಕೊಟ್ಟ. ತನ್ನ ಹೆಂಡತಿ ತುಳಿದ ಗಡಿಗೆ. ಮೈತುಂಬ ಹೊಟ್ಟು ಅಂಟಿಸಿಕೊಂಡು ನನ್ನ ಮುಂದೆ ನಿಂತವನು ಮೆಲ್ಲಗೆ ಹೇಳಿದ:

"ಅವ್ವಾರ, ನಮ್ಮಾಕಿ ಸೆರಿ ಮುಟ್ಟಿದಾಕಿ ಅಲ್ರಿ. ನೀವರ ಬಲ್ಲಿರಿ."

"ಬಲ್ಲೆ ಚಂದಪ್ಪ."

"ಸಾವ್ಕಾರ್ರು ಒಂದು ಮಾತು ಹೇಳಿದ್ರ ಸಾಕಿತ್ತರಿ. ಜಡ್ಡಾಗಿ ಸತ್ಲು ಅಂತ. ನನ್ನ ಮಗಳು ದಾಟಿ ಹೋಗತಿತ್ತು."

ಅವನಿಗೆ ಪುಡಿಯ ವಿಷಯ ಗೊತ್ತಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಕಟ್ಟೆಯ ಮೇಲಿಂದ ಮಾವ ಕೆಮ್ಮಿದರು. ಚಂದಪ್ಪ ಹೊಟ್ಟು ಕೊಡವಿಕೊಳ್ಳುತ್ತ ಹೊರಟುಹೋದ.

ಬಂದ ಸಾಹೇಬ ನಾನು ಅಂದುಕೊಂಡಂತಿರಲಿಲ್ಲ. ಐವತ್ತರ ಹತ್ತಿರದ ವಯಸ್ಸು, ಬಿಸಿಲಿಗೆ ಕೆಂಪಾದ ಮೂಗು, ಒಕ್ಕಲಿಗನಂಥ ದಪ್ಪ ಬೆರಳು. ಹೆಸರು ಎತಿಯೆನ್. ದಖ್ಖನದ ಹಳೆಯ ದ್ರಾಕ್ಷಿ ತೋಟಗಳನ್ನು ನೋಡಲು ಬಂದವನಿಗೆ ಬಿಜಾಪುರದಲ್ಲಿ ಯಾರೋ ನಮ್ಮ ಗಡಿಗೆಯ ಸುದ್ದಿ ಹೇಳಿದ್ದರಂತೆ. ಮೊದಲು ಬಳ್ಳಿಗಳ ಬುಡದಲ್ಲಿ ಮೊಣಕಾಲೂರಿ ಮಣ್ಣು ತೆಗೆದು ಮೂಸಿದ. ಆಮೇಲೆ ಕಟ್ಟೆಗೆ ಬಂದು ಚಕ್ಕಳಬಕ್ಕಳ ಹಾಕಿ ಕೂತ. ಅವನು ಇಂಗ್ಲಿಷಿನಲ್ಲಿ ಹೇಳುವುದು, ಸಿಂದಗಿ ಹೈಸ್ಕೂಲಿನ ಗುರಪ್ಪ ಮಾಸ್ತರರು ಅದನ್ನು ನಮ್ಮ ಮಾತಿಗೆ ತಿರುಗಿಸುವುದು. ಬಾಗಿಲ ಒಳಗೆ ನಾನು, ನನ್ನ ಮುಂದೆ ಶಂಕ್ರಿ.

"ಇವರ ತ್ವಾಟ ಮೊದಲಿಗೆ ಮಾಡಿದವರು ಅವರ ಕಡೀ ಜಂಗಮರಂತ್ರಿ" ಎಂದರು ಮಾಸ್ತರರು.

"ಜಂಗಮರು ದ್ರಾಕ್ಷಿ ಸೆರಿ ಕಾಸ್ತಿದ್ರೇನೋ ಗುರಪ್ಪಾ?" ಮಾವ ನಕ್ಕರು.

"ಕಾಸೂದಲ್ರಿ ಸಾವ್ಕಾರ್ರ, ನಿಮ್ಮಂಗ ಹುಳಿ ಇಡೂದು. ಅವರೂ ಹಣ್ಣು ತೊಳಿಯೂದಿಲ್ಲಂತ. ಮ್ಯಾಲಿನ ಬಿಳಿಯೊಳಗ ಕಣ್ಣಿಗೆ ಕಾಣದ ಜೀವ ಐತಂತ, ಅದಽ ರಸ ಉಕ್ಕಸತೈತಂತ."

"ವಿಭೂತಿ!" ಮಾವ ತೊಡೆ ತಟ್ಟಿದರು. "ಹೇಳು, ನಾವು ಅದಕ್ಕ ವಿಭೂತಿ ಅಂತೀವಿ ಅಂತ ಹೇಳು."

ಸಾಹೇಬ ಆ ಮಾತನ್ನು ಎರಡು ಸಲ ಹೇಳಿಸಿಕೊಂಡು, ತಾನೂ "ವಿಬೂತಿ, ವಿಬೂತಿ" ಎಂದು ನಾಲಿಗೆ ಹೊರಳಿಸಿ ನಕ್ಕ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಆಮೇಲೆ ಅವನು ತನ್ನ ಮನೆತನದ ಕತೆ ಹೇಳಿದ. ಅವರ ದೇಶದ ಜನ ದಂಗೆಯೆದ್ದು ರಾಜನ ತಲೆ ಹಾರಿಸಿದ ಕಾಲದಲ್ಲಿ ಮಠದ ತೋಟ ಹರಾಜಿಗೆ ಬಂದು ಅವನ ಹಿರಿಯರ ಪಾಲಾಯಿತಂತೆ. ಮುಂದೆ ಬೇರಿಗೆ ಹೇನು ಬಿದ್ದು ದೇಶದ ಬಳ್ಳಿಗಳೆಲ್ಲ ಒಣಗಿದವಂತೆ. ಪರದೇಶದ ಕಾಡುಬಳ್ಳಿಯ ಬೇರಿಗೆ ತಮ್ಮ ಬಳ್ಳಿಯ ಕಡ್ಡಿ ಕಸಿ ಕಟ್ಟಿ ಮತ್ತೆ ಎಬ್ಬಿಸಿದರಂತೆ. ಎರಡು ಮಹಾಯುದ್ಧ ದಾಟಿದರಂತೆ. ಈಗ ಅವರ ರಸವೆಂದರೆ ಮಂತ್ರಿಗಳ ಮನೆಯ ಊಟಕ್ಕೂ ಬೇಕಂತೆ.

ಇಷ್ಟು ಹೇಳಿದವನು ನಿಲ್ಲಿಸಿದ. ಎದುರಿಗಿದ್ದ ನೀರು ಕುಡಿದ. ಆಮೇಲೆ ಹೇಳಿದ್ದನ್ನು ತಿರುಗಿಸಲು ಮಾಸ್ತರರು ಸ್ವಲ್ಪ ತಡವರಿಸಿದರು.

"ಇವರ ಅಪ್ಪಾರ ಕಾಲಕ್ಕ ಹುಳ ಬಿದ್ದಾಗ ಪಾಷಾಣದ ಪುಡಿ ಬಡಸ್ತಿದ್ರಂತ. ಕೆಲಸದವರ ಅಂಗೈ ಒಡದು ಕರ್ರಗ ಆಗತಿದ್ದುವಂತ. ಒಬ್ಬಾತ, ಇವರನ್ನ ಸಣ್ಣಾಂವಿದ್ದಾಗ ಹೆಗಲ ಮ್ಯಾಲ ಹೊತ್ತು ತಿರಗಿಸಿದಾಂವ, ಹೊಟ್ಟಿ ಉಬ್ಬಿ ಸತ್ತನಂತ. ಕುಡದು ಸತ್ತ ಅಂತ ಇವರ ಅಪ್ಪ ಊರಿಗೆಲ್ಲ ಹೇಳಿದ್ರಂತ."

ಕಂಬಕ್ಕೆ ಒರಗಿ ನಿಂತಿದ್ದ ನನ್ನ ಗಂಡ ಮೆಲ್ಲಗೆ ಸರಿದು ಕೊಟ್ಟಿಗೆಯ ಕಡೆ ನಡೆದ. ಎತ್ತುಗಳಿಗೆ ಆಗಲೇ ಮೇವು ಹಾಕಿ ಆಗಿತ್ತು.

ಸಾಹೇಬ ಮುಂದುವರಿಸಿದ. ಮಾಸ್ತರರ ದನಿ ಈಗ ತಗ್ಗಿತ್ತು. "ಅದು ಸುಳ್ಳು ಅಂತ ಇವರಿಗೆ ಗೊತ್ತಿತ್ತಂತ. ಅಪ್ಪ ಇರೂತನ ಕೇಳಾಕ ಧೈರ್ಯ ಆಗಲಿಲ್ಲಂತ. ಅಪ್ಪ ಹ್ವಾದ ಮ್ಯಾಲ ಆತನ ಹೆಂಡತಿ ಮನಿಗೆ ಹ್ವಾದ್ರ, ಇಷ್ಟ ತಡಾ ಮಾಡಿ ಬಂದ್ಯಾ ಅಂತ ಆ ಮುದುಕಿ ಬಾಗಿಲಾ ತಗೀಲೇ ಇಲ್ಲಂತ. ಅವತ್ತಿನಿಂದ ತ್ವಾಟಕ್ಕ ವಿಷ ಹಾಕಿಲ್ಲ. ಕುದರಿ ನೇಗಿಲಾ, ಸಗಣಿ ಗೊಬ್ಬರಾ, ತುರಿಕಿ ಸೊಪ್ಪಿನ ಕಷಾಯ, ಅಷ್ಟ. ಸುರುವಿಗೆ ಅರ್ಧ ಹಣ್ಣು ಹುಳದ ಬಾಯಿಗೆ ಹ್ವಾದುವಂತ. ಹೋಗಲಿ ಅಂದ್ರಂತ."

ಪರದೇಶದಿಂದ ಬಂದ ಒಬ್ಬ ಮನುಷ್ಯ ತನ್ನ ಸ್ವಂತ ಅಪ್ಪನ ಸುಳ್ಳನ್ನು ನಮ್ಮ ಕಟ್ಟೆಯ ಮೇಲೆ ಹೀಗೆ ಬಿಚ್ಚಿಟ್ಟಿದ್ದ. ನಾನು ಮಾವನ ಮುಖ ನೋಡುತ್ತಿದ್ದೆ. ಈಗಲಾದರೂ ಹೇಳುತ್ತಾರೆ ಅನ್ನಿಸಿತು.

ಸಾಹೇಬ ಕೇಳಿದ. ಮಾಸ್ತರರು ತಿರುಗಿಸಿದರು. "ಸಾವ್ಕಾರ್ರ, ನಿಮ್ಮ ತ್ವಾಟದಾಗ ಎಂದೂ ಹಾಕಿಲ್ಲೇನ್ರಿ ಅಂತ ಕೇಳ್ತಾರ."

"ಒಂದು ಚಿಟಿಕಿ ಸುದ್ದಾ ಇಲ್ಲ ಅಂತ ಹೇಳು" ಎಂದರು ಮಾವ. "ಮೂರು ತಲೆಮಾರು ಆತು. ಚನ್ನವ್ವಾ, ಬಟ್ಟಲಾ ತಾ."

ನಾನು ಕದಲಲಿಲ್ಲ. ಅವರೇ ಎದ್ದು ಬಂದು ಗೂಡಿನಿಂದ ಬೆಳ್ಳಿ ಬಟ್ಟಲು ತೆಗೆದುಕೊಂಡು ಹೋದರು. ಗಡಿಗೆಯ ಬಾಯಿಗೆ ಮೆತ್ತಿದ ಮಣ್ಣನ್ನು ಒಡೆದರು. ವಾಸನೆ ಎದ್ದಿತು. ಪ್ರತಿ ವರ್ಷದ ಅದೇ ವಾಸನೆ, ಬೆಲ್ಲದ್ದು, ಹೂವಿನದು. ಒಂದಿಷ್ಟೂ ಬೇರೆ ಇರಲಿಲ್ಲ. ಬಟ್ಟಲಿಗೆ ಬಗ್ಗಿಸಿ ಎರಡೂ ಕೈಯಿಂದ ಸಾಹೇಬನ ಮುಂದೆ ಹಿಡಿದರು.

ಸಾಹೇಬ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದ, ಮೂಸಿದ. ಮುಖ ಅರಳಿತು. ಆದರೆ ಕುಡಿಯದೆ ಅದನ್ನು ಮಾವನ ಕಡೆಗೇ ಚಾಚಿದ.

"ಅವರ ಪೈಕಿ ಮನಿ ಹಿರ್ಯಾ ಮೊದಲ ಕುಡಿಬೇಕಂತ್ರಿ" ಎಂದರು ಮಾಸ್ತರರು.

"ಇವತ್ತ ಸೋಮವಾರ. ನನ್ನ ಉಪಾಸ" ಎಂದರು ಮಾವ. ಒಂದಿಷ್ಟೂ ತಡವಿಲ್ಲದೆ, ಮೊದಲೇ ಬಾಯಲ್ಲಿ ಇಟ್ಟುಕೊಂಡಿದ್ದವರಂತೆ.

ಬೆಳಿಗ್ಗೆ ನಾನೇ ಅವರಿಗೆ ರೊಟ್ಟಿ ಬಡಿಸಿದ್ದೆ.

ನನ್ನ ಕೈ ಶಂಕ್ರಿಯ ಹೆಗಲ ಮೇಲಿತ್ತು. ಅದರ ಅಡಿಯಲ್ಲಿ ಆ ಸಣ್ಣ ಎಲುಬು ಬಿಗಿದುಕೊಂಡದ್ದು ನನಗೆ ತಿಳಿಯಿತು. ನಾಳೆ ಇಂಡಿಗೆ ಹೋಗುವ ಗಡಿಗೆ, ಹೂವಿನ ಹಿಪ್ಪರಗಿಗೆ ಹೋಗುವ ಗಡಿಗೆ. ಮುಖವನ್ನೂ ನೋಡಿರದ ಯಾವುದೋ ಹಸಿ ಬಾಣಂತಿ ಹಾಸಿಗೆಯಲ್ಲಿ ಎದ್ದು ಕೂತು ಒಳಲೆಗೆ ಬಾಯಿ ತೆರೆಯುತ್ತಾಳೆ. ಅಂಗಳದ ಆಚೆ ಚಂದಪ್ಪ ಚಪ್ಪಲಿ ಬಿಟ್ಟು ಮೂಲೆಯಲ್ಲಿ ನಿಂತು ನೋಡುತ್ತಿದ್ದ. ಸಾಹೇಬ ನಗುತ್ತ ಬಟ್ಟಲನ್ನು ಮತ್ತೆ ತನ್ನ ಕಡೆಗೆ ತೆಗೆದುಕೊಂಡ.

ನಾನು ಮಗಳ ಹೆಗಲ ಮೇಲಿಂದ ಕೈ ತೆಗೆದೆ.

ಅವಳು ತಿರುಗಿ ನನ್ನನ್ನು ಒಮ್ಮೆ ನೋಡಿದಳು. ನಾನು ಸುಮ್ಮನಿರು ಎನ್ನಲಿಲ್ಲ. ಹೊಸ್ತಿಲು ದಾಟಿ, ಕಟ್ಟೆಯ ತನಕ ನಡೆದು, ಅಜ್ಜನ ಎದುರಿಗೆ ನಿಂತು, ಅಷ್ಟೂ ಜನರಿಗೆ ಕೇಳುವಂತೆ ಕೇಳಿದಳು:

"ಅಜ್ಜಾ, ನಮ್ಮ ಸಾತವ್ವ ಏನು ಕುಡದು ಸತ್ಲು?"